ಫ್ಲಾರೆನ್ಸ್ ನೈಟಿಂಗೇಲ್: ಶುಶ್ರೂಷಾ ವೃತ್ತಿಗೆ ಗೌರವ ತಂದುಕೊಟ್ಟ ಜೀವನ (1820–1910)

(ಸಾರ್ವಜನಿಕರ ಮಾಹಿತಿಗಾಗಿ)

ಆಸ್ಪತ್ರೆಯ ಒಳರೋಗಿ ವಿಭಾಗಕ್ಕೆ ಬರುವ ಸಾರ್ವಜನಿಕರು ದಿನನಿತ್ಯ ಒಂದು ಕಾರ್ಯವಿಧಾನವನ್ನು ಕಾಣುತ್ತಾರೆ. ವೈದ್ಯರು ರೋಗಿಯನ್ನು ಪರೀಕ್ಷಿಸಿ, ನೀಡಬೇಕಾದ ಔಷಧೋಪಚಾರವನ್ನು ಕೇಸ್ ಶೀಟ್‌ನಲ್ಲಿ ಬರೆದು ಸಹಿ ಮಾಡುತ್ತಾರೆ. ಶುಶ್ರೂಷಕಿಯರು ಅದನ್ನು ನಿಗದಿತ ವೇಳೆಗೆ ನೀಡಿ, ರೋಗಿಯ ಜ್ವರ, ನಾಡಿಬಡಿತ, ಆಹಾರ ಮುಂತಾದ ವಿವರಗಳನ್ನು ನಮೂದಿಸಿ ತಾವೂ ಸಹಿ ಮಾಡುತ್ತಾರೆ. ಒಂದೇ ದಾಖಲೆಯಲ್ಲಿ ಎರಡು ವೃತ್ತಿಗಳ ಬರವಣಿಗೆ ಇರುತ್ತದೆ. ಒಬ್ಬರು ಬರೆದುದನ್ನು ಇನ್ನೊಬ್ಬರು ನಂಬಿ ಮುಂದಿನ ಕೆಲಸ ಮಾಡುತ್ತಾರೆ. ರೋಗಿಯ ಜೀವ ಈ ನಂಬಿಕೆಯನ್ನು ಅವಲಂಬಿಸಿದೆ.

ಸುಮಾರು 170 ವರ್ಷಗಳ ಹಿಂದೆ ಇಂತಹ ನಂಬಿಕೆ ಇರಲಿಲ್ಲ. ವೈದ್ಯರ ದೃಷ್ಟಿಯಲ್ಲಿ ಶುಶ್ರೂಷಕಿಯು ಮನೆಗೆಲಸದವರಿಗಿಂತ ಹೆಚ್ಚಿನವರಾಗಿರಲಿಲ್ಲ. ಈ ಸ್ಥಿತಿಯನ್ನು ಬದಲಿಸಲು ಶ್ರಮಿಸಿದವರಲ್ಲಿ ಬ್ರಿಟನ್ನಿನ ಫ್ಲಾರೆನ್ಸ್ ನೈಟಿಂಗೇಲ್ ಅವರು ಪ್ರಮುಖರು. ಕೈಯಲ್ಲಿ ದೀಪ ಹಿಡಿದ ಮಹಿಳೆಯಾಗಿ ಅವರು ಶಾಲಾ ಪಠ್ಯಗಳ ಮೂಲಕ ಎಲ್ಲರಿಗೂ ಪರಿಚಿತರು. ಆದರೆ ವೈದ್ಯರು ಹಾಗೂ ಶುಶ್ರೂಷಕಿಯರ ನಡುವಿನ ಪರಸ್ಪರ ಗೌರವಕ್ಕೆ ಅವರು ಯಾವ ಕ್ರಮದಲ್ಲಿ ತಳಹದಿ ಹಾಕಿದರು, ಆ ಕಾರ್ಯದಲ್ಲಿ ಎಲ್ಲಿ ಎಡವಿದರು ಎಂಬ ವಿಷಯ ಅಷ್ಟಾಗಿ ಪರಿಚಿತವಲ್ಲ. ಆ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಜನನ, ಕುಟುಂಬ ಮತ್ತು ಶಿಕ್ಷಣ

ಫ್ಲಾರೆನ್ಸ್ ನೈಟಿಂಗೇಲ್ ಅವರು 1820ನೇ ಇಸವಿಯ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಹುಟ್ಟಿದ ಊರಿನ ಹೆಸರನ್ನೇ ಅವರಿಗೆ ಇಡಲಾಯಿತು. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್, ತಾಯಿ ಫ್ರಾನ್ಸಿಸ್. ಪಾರ್ಥಿನೋಪಿ ಎಂಬ ಹೆಸರಿನ ಒಬ್ಬ ಅಕ್ಕ ಇದ್ದರು. ಕುಟುಂಬವು ಸಿರಿವಂತವಾಗಿದ್ದು, ಇಂಗ್ಲೆಂಡಿನ ಡರ್ಬಿಶೈರ್ ಮತ್ತು ಹ್ಯಾಂಪ್‌ಶೈರ್ ಪ್ರಾಂತ್ಯಗಳಲ್ಲಿ ಎರಡು ದೊಡ್ಡ ಮನೆಗಳನ್ನು ಹೊಂದಿತ್ತು.

ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯದಿದ್ದ ಆ ಕಾಲದಲ್ಲಿ ತಂದೆಯೇ ಮನೆಯಲ್ಲಿ ಗ್ರೀಕ್, ಲ್ಯಾಟಿನ್, ಇತಿಹಾಸ ಮತ್ತು ತತ್ತ್ವಶಾಸ್ತ್ರವನ್ನು ಬೋಧಿಸಿದರು. ಫ್ಲಾರೆನ್ಸ್ ಅವರಿಗೆ ಗಣಿತದಲ್ಲಿ ವಿಶೇಷ ಆಸಕ್ತಿ ಇತ್ತು. ವಿವರಗಳನ್ನು ಪಟ್ಟಿ ಮಾಡುವುದು, ಲೆಕ್ಕ ಇಡುವುದು ಅವರಿಗೆ ಚಿಕ್ಕಂದಿನಿಂದಲೂ ರೂಢಿಯಾಗಿತ್ತು. ಮುಂದೆ ಅವರ ಸಾರ್ವಜನಿಕ ಜೀವನಕ್ಕೆ ಈ ಅಭ್ಯಾಸವೇ ಆಧಾರವಾಯಿತು.

ಅಂದಿನ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯರ ಸ್ಥಿತಿ

ತಾನು ರೋಗಿಗಳ ಸೇವೆಗೆ ಮುಡಿಪಾಗಬೇಕೆಂಬ ಭಾವನೆ ಫ್ಲಾರೆನ್ಸ್ ಅವರಲ್ಲಿ ಹರೆಯದಲ್ಲೇ ಮೂಡಿತ್ತು. 1844ರಲ್ಲಿ ಅಂಧರ ಶಿಕ್ಷಣಕ್ಕಾಗಿ ಹೆಸರಾಗಿದ್ದ ಅಮೆರಿಕದ ವೈದ್ಯ ಡಾ. ಸ್ಯಾಮ್ಯುಯೆಲ್ ಹೌ ಅವರು ನೈಟಿಂಗೇಲ್ ಕುಟುಂಬದ ಅತಿಥಿಯಾಗಿ ಬಂದಿದ್ದರು. ಆಸ್ಪತ್ರೆಯ ಸೇವೆ ಕುಲೀನ ಮನೆತನದ ಹೆಣ್ಣುಮಗಳಿಗೆ ಸಲ್ಲದ ಕೆಲಸವೇ ಎಂದು ಅವರು ಈ ವೈದ್ಯರನ್ನು ವಿಚಾರಿಸಿದರು. ಅದು ರೂಢಿಯಲ್ಲಿಲ್ಲವಾದರೂ ಮನಸ್ಸಿನ ಕರೆಯಂತೆ ನಡೆಯುವುದೇ ಸರಿ ಎಂಬ ಅಭಿಪ್ರಾಯ ವೈದ್ಯರಿಂದ ಬಂದಿತು. ಮರುವರ್ಷ ಸಾಲಿಸ್‌ಬರಿ ಪಟ್ಟಣದ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕೆಲಸ ಕಲಿಯುವ ಇಚ್ಛೆಯನ್ನು ಅವರು ವ್ಯಕ್ತಪಡಿಸಿದಾಗ ಮನೆಯವರು ಬಲವಾಗಿ ವಿರೋಧಿಸಿದರು.

ಮನೆಯವರ ವಿರೋಧಕ್ಕೆ ಕಾರಣವಿಲ್ಲದೆ ಇರಲಿಲ್ಲ. ಅಂದಿನ ಆಸ್ಪತ್ರೆಗಳ ವಾರ್ಡುಗಳು ಇಕ್ಕಟ್ಟಾಗಿದ್ದು ದುರ್ವಾಸನೆಯಿಂದ ಕೂಡಿರುತ್ತಿದ್ದವು. ಶುಶ್ರೂಷಕಿಯರಿಗೆ ಕ್ರಮಬದ್ಧ ತರಬೇತಿ ಇರಲಿಲ್ಲ. ವೇತನ ಅತ್ಯಲ್ಪ. ಅನೇಕರು ವಾರ್ಡಿನಲ್ಲಿಯೇ ಮಲಗಿ, ಅಲ್ಲಿಯೇ ಅಡುಗೆ ಮಾಡಿಕೊಳ್ಳಬೇಕಾಗಿತ್ತು. ಮದ್ಯಪಾನದ ದೂರುಗಳು ಸಾಮಾನ್ಯವಾಗಿದ್ದವು. ಅನುಭವದಿಂದಲೇ ನುರಿತ ನಿಷ್ಠಾವಂತ ಶುಶ್ರೂಷಕಿಯರೂ ಇದ್ದರು. ಆದರೆ ಅವರಿಗೂ ವೃತ್ತಿಯ ಗೌರವ ದೊರೆಯುತ್ತಿರಲಿಲ್ಲ. ವೈದ್ಯರು ತಮ್ಮ ಆದೇಶ ಪಾಲನೆಯಾಗುವ ಭರವಸೆಯಿಲ್ಲದೆಯೇ ಚಿಕಿತ್ಸೆ ನೀಡುತ್ತಿದ್ದರು.

ತರಬೇತಿ ಮತ್ತು ಮೊದಲ ಹುದ್ದೆ

ಕುಟುಂಬದ ವಿರೋಧದ ನಡುವೆಯೂ ಫ್ಲಾರೆನ್ಸ್ ಅವರು ಆಸ್ಪತ್ರೆಗಳ ವರದಿಗಳನ್ನು ತರಿಸಿಕೊಂಡು ಅಭ್ಯಾಸ ಮಾಡಿದರು. 1847-48ರ ರೋಮ್ ಪ್ರವಾಸದಲ್ಲಿ ಸಿಡ್ನಿ ಹರ್ಬರ್ಟ್ ದಂಪತಿಗಳ ಪರಿಚಯವಾಯಿತು. 1850ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಥಿಯೋಡರ್ ಫ್ಲೀಡ್ನರ್ ಅವರು ನಡೆಸುತ್ತಿದ್ದ ಸೇವಾಸಂಸ್ಥೆಯನ್ನು ಸಂದರ್ಶಿಸಿದರು. 1851ರಲ್ಲಿ ಅಲ್ಲಿಯೇ ಸುಮಾರು ಮೂರು ತಿಂಗಳು ತಂಗಿ ತರಬೇತಿ ಪಡೆದರು.

1853ರ ಆಗಸ್ಟ್‌ನಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್ ಪ್ರದೇಶದ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿ ಹುದ್ದೆಯನ್ನು ವಹಿಸಿಕೊಂಡರು. ಇದು ಅನಾರೋಗ್ಯಪೀಡಿತ ಮಧ್ಯಮವರ್ಗದ ಮಹಿಳೆಯರಿಗಾಗಿ ಇದ್ದ ಸಂಸ್ಥೆ. ಹುದ್ದೆಗೆ ವೇತನವಿರಲಿಲ್ಲ, ತಂದೆ ವರ್ಷಕ್ಕೆ 500 ಪೌಂಡ್ ನೀಡಲು ಒಪ್ಪಿದ್ದರು. ಪ್ರತಿ ಮಹಡಿಗೂ ಕೊಳವೆಯ ಮೂಲಕ ಬಿಸಿನೀರು, ಊಟವನ್ನು ಮೇಲಕ್ಕೆ ಸಾಗಿಸುವ ಎತ್ತುಯಂತ್ರ, ಯಾವ ರೋಗಿ ಕರೆದರೆಂದು ತೋರಿಸುವ ಕರೆಗಂಟೆ ಇವುಗಳನ್ನು ಅವರು ಕೇಳಿದರು. ಶುಶ್ರೂಷಕಿಯು ಬಿಸಿನೀರಿಗಾಗಿ ಮೆಟ್ಟಿಲು ಹತ್ತಿಳಿಯುವುದರಲ್ಲಿಯೇ ದಿನ ಕಳೆದರೆ ರೋಗಿಯ ಬಳಿ ಇರುವುದು ಯಾವಾಗ ಎಂಬುದು ಅವರ ವಾದವಾಗಿತ್ತು. ರೋಗಿಗಳನ್ನು ಯಾವುದೇ ಪಂಥಭೇದವಿಲ್ಲದೆ ದಾಖಲಿಸಿಕೊಳ್ಳಬೇಕೆಂಬ ಷರತ್ತನ್ನೂ ಅವರು ಆಡಳಿತ ಸಮಿತಿಯಿಂದ ಒಪ್ಪಿಸಿಕೊಂಡರು.

ಸ್ಕುಟಾರಿ ಆಸ್ಪತ್ರೆಗೆ ಪ್ರಯಾಣ

1854ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿ ದೇಶಗಳು ಒಂದಾಗಿ ರಷ್ಯಾದ ವಿರುದ್ಧ ಕ್ರಿಮಿಯಾ ಯುದ್ಧದಲ್ಲಿ ತೊಡಗಿದವು. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗುಗಳಲ್ಲಿ ಕಪ್ಪು ಸಮುದ್ರ ದಾಟಿಸಿ, ಇಂದಿನ ಇಸ್ತಾಂಬುಲ್ ನಗರದ ಭಾಗವಾಗಿರುವ ಸ್ಕುಟಾರಿಯ ಆಸ್ಪತ್ರೆಗಳಿಗೆ ತರಲಾಗುತ್ತಿತ್ತು. ಅಲ್ಲಿ ಬ್ಯಾಂಡೇಜು, ಹಾಸಿಗೆ, ವೈದ್ಯರು, ಶುಶ್ರೂಷಕಿಯರು ಯಾವುದೂ ಸಾಲದೆಂದು ಲಂಡನ್ನಿನ ಟೈಮ್ಸ್ ಪತ್ರಿಕೆ ವರದಿ ಮಾಡಿತು. ಜನರಲ್ಲಿ ತೀವ್ರ ಅಸಮಾಧಾನ ಉಂಟಾಯಿತು.

ಆಗ ಸಿಡ್ನಿ ಹರ್ಬರ್ಟ್ ಅವರು ಸರ್ಕಾರದಲ್ಲಿ ಯುದ್ಧ ಕಾರ್ಯದರ್ಶಿಯಾಗಿದ್ದರು. ಅವರ ಕೋರಿಕೆಯ ಮೇರೆಗೆ ನೈಟಿಂಗೇಲ್ ಅವರು 38 ಮಹಿಳೆಯರ ತಂಡದೊಂದಿಗೆ 1854ರ ಅಕ್ಟೋಬರ್ 21ರಂದು ಹೊರಟು ನವೆಂಬರ್ 4ರಂದು ಸ್ಕುಟಾರಿ ತಲುಪಿದರು. ತಂಡದಲ್ಲಿ ಕ್ರೈಸ್ತ ಸನ್ಯಾಸಿನಿಯರೂ, ಆಸ್ಪತ್ರೆಗಳಲ್ಲಿ ಸಂಬಳಕ್ಕೆ ದುಡಿದಿದ್ದ ಶುಶ್ರೂಷಕಿಯರೂ ಇದ್ದರು.

ಸರ್ಕಾರವು ಅವರಿಗೆ ನೀಡಿದ ಆದೇಶದಲ್ಲಿ ಎರಡು ಅಂಶಗಳಿದ್ದವು. ಶುಶ್ರೂಷಕಿಯರ ನೇಮಕ, ಹಂಚಿಕೆ ಮತ್ತು ಶಿಸ್ತು ನೈಟಿಂಗೇಲ್ ಅವರ ಅಧೀನದಲ್ಲಿರತಕ್ಕದ್ದು. ಚಿಕಿತ್ಸೆಯ ವಿಷಯದಲ್ಲಿ ಅವರು ಮುಖ್ಯ ವೈದ್ಯಾಧಿಕಾರಿಯ ಆದೇಶಕ್ಕೆ ಒಳಪಟ್ಟಿರತಕ್ಕದ್ದು. ಮುಂದಿನ ಎಲ್ಲ ಸಹಕಾರಕ್ಕೂ, ಎಲ್ಲ ಜಗಳಕ್ಕೂ ಈ ಎರಡು ಅಂಶಗಳೇ ಮೂಲವಾದವು.

ವೈದ್ಯರ ಕರೆಗಾಗಿ ಕಾದ ದಿನಗಳು

ಸ್ಕುಟಾರಿಯ ಸೈನಿಕ ವೈದ್ಯರು ಈ ತಂಡವನ್ನು ಸ್ವಾಗತಿಸಲಿಲ್ಲ. ಪತ್ರಿಕೆಗಳ ಟೀಕೆಯಿಂದ ಅವರು ಮೊದಲೇ ನೊಂದಿದ್ದರು. ಸೈನ್ಯದ ನಿಯಮಗಳನ್ನರಿಯದ, ಮಂತ್ರಿಗಳ ಸ್ನೇಹವುಳ್ಳ ಸಿರಿವಂತ ಮಹಿಳೆಯೊಬ್ಬರು ತಮ್ಮ ಮೇಲೆ ಕಣ್ಣಿಡಲು ಬಂದಿದ್ದಾರೆಂಬ ಶಂಕೆ ಅವರಲ್ಲಿತ್ತು. ವಾರ್ಡುಗಳಲ್ಲಿ ಕೆಲಸ ಮಾಡಲು ಶುಶ್ರೂಷಕಿಯರನ್ನು ಹೆಚ್ಚಿನ ವೈದ್ಯರು ಕರೆಯಲೇ ಇಲ್ಲ.

ನೈಟಿಂಗೇಲ್ ಅವರು ಇದಕ್ಕೆ ಕೈಗೊಂಡ ಕ್ರಮ ತಂಡದವರಿಗೇ ಅಚ್ಚರಿ ತಂದಿತು. ವೈದ್ಯರು ಕೋರದ ಹೊರತು ಯಾವ ಶುಶ್ರೂಷಕಿಯೂ ರೋಗಿಯ ಬಳಿ ಹೋಗಬಾರದೆಂದು ಅವರು ಕಟ್ಟುನಿಟ್ಟಾಗಿ ಆದೇಶಿಸಿದರು. ಎದುರಿಗೇ ಸೈನಿಕರು ನರಳುತ್ತಿರುವಾಗ ಕೈಕಟ್ಟಿ ಕುಳಿತಿರುವುದು ತಂಡದ ಅನೇಕರಿಗೆ ಸಹಿಸಲಾಗಲಿಲ್ಲ. ಕೆಲವರು ಬಹಿರಂಗವಾಗಿಯೇ ಗೊಣಗಿದರು. ಆ ಅವಧಿಯಲ್ಲಿ ಅವರಿಂದ ಅಂಗಿ, ದಿಂಬು, ಕೈಪಟ್ಟಿಗಳನ್ನು ಹೊಲಿಸಲಾಯಿತು.

ನವೆಂಬರ್ 5ರಂದು ಇಂಕರ್ಮನ್ ಕದನ ನಡೆಯಿತು. ಅಲ್ಲಿಂದ ಗಾಯಾಳುಗಳು ಹಡಗುಗಟ್ಟಲೆ ಬರತೊಡಗಿದಾಗ ವೈದ್ಯರೇ ಶುಶ್ರೂಷಕಿಯರ ಸಹಾಯ ಕೋರಿದರು. ತಾವಾಗಿ ಕೇಳಿ ಪಡೆದ ಸಹಾಯವನ್ನು ಅನುಮಾನಿಸುವ ಅವಕಾಶ ವೈದ್ಯರಿಗೆ ಇರಲಿಲ್ಲ. ಆದರೆ ಈ ಕ್ರಮದ ಹೊರೆಯನ್ನು ಕಾದಿದ್ದ ದಿನಗಳಲ್ಲಿ ರೋಗಿಗಳೂ ಹೊತ್ತರು ಎಂಬುದನ್ನು ಮರೆಯುವಂತಿಲ್ಲ. ಇಬ್ಬರು ಉದ್ಯೋಗಿಗಳ ನಡುವೆ ನಂಬಿಕೆ ಇಲ್ಲದಿದ್ದರೆ ಅದರ ನಷ್ಟ ಸೇವೆ ಪಡೆಯುವವರಿಗೆ ತಟ್ಟುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಡಿಸೆಂಬರ್‌ನಲ್ಲಿ ಮೇರಿ ಸ್ಟಾನ್ಲಿ ಎಂಬುವವರ ನೇತೃತ್ವದಲ್ಲಿ 40ಕ್ಕೂ ಹೆಚ್ಚು ಮಹಿಳೆಯರ ಎರಡನೆಯ ತಂಡ ಬಂದಾಗ ನೈಟಿಂಗೇಲ್ ಅವರು ತೀವ್ರವಾಗಿ ಆಕ್ಷೇಪಿಸಿದರು. ತಾವು ಕೇಳದೆ ಯಾರನ್ನೂ ಕಳುಹಿಸಬಾರದೆಂಬ ಒಪ್ಪಂದ ಮುರಿದಿದೆ ಎಂಬುದು ಒಂದು ಕಾರಣ. ಆಗಷ್ಟೇ ಗಳಿಸಿದ ವೈದ್ಯರ ವಿಶ್ವಾಸ ಅನುಭವವಿಲ್ಲದವರಿಂದ ಹಾಳಾದೀತೆಂಬ ಭಯ ಇನ್ನೊಂದು ಕಾರಣ. ಕೊನೆಗೆ ಆ ತಂಡದ ಹಲವರನ್ನು ಬೇರೆ ಆಸ್ಪತ್ರೆಗಳಿಗೆ ಕಳುಹಿಸಲಾಯಿತು.

ಇಂಡೆಂಟ್ ಮತ್ತು ವೈದ್ಯರ ಸಹಿ

ಸ್ಕುಟಾರಿಯ ಆಸ್ಪತ್ರೆಯಲ್ಲಿ ಸಾಮಗ್ರಿಗಳ ಕೊರತೆಗೆ ಕಚೇರಿ ಪದ್ಧತಿಯೂ ಒಂದು ಕಾರಣವಾಗಿತ್ತು. ಸರಬರಾಜಿನ ಹೊಣೆ ಹಲವು ಶಾಖೆಗಳ ನಡುವೆ ಹಂಚಿಹೋಗಿತ್ತು. ಸೈನಿಕನು ತನ್ನ ಅಂಗಿ, ತಟ್ಟೆ, ಚಮಚಗಳನ್ನು ತಾನೇ ತರತಕ್ಕದ್ದೆಂಬ ನಿಯಮವಿದ್ದುದರಿಂದ, ಎಲ್ಲವನ್ನೂ ರಣರಂಗದಲ್ಲಿ ಬಿಟ್ಟುಬಂದ ಗಾಯಾಳುವಿಗೆ ಅವುಗಳನ್ನು ನೀಡಲು ದಾಸ್ತಾನು ಅಧಿಕಾರಿ ಹಿಂಜರಿಯುತ್ತಿದ್ದರು. ವೈದ್ಯರು ಬೇಕೆಂದು ಬರೆದರೂ ವಸ್ತು ಬರುತ್ತಿರಲಿಲ್ಲ.

ನೈಟಿಂಗೇಲ್ ಅವರ ಬಳಿ ಟೈಮ್ಸ್ ಪತ್ರಿಕೆಯ ಮೂಲಕ ಸಾರ್ವಜನಿಕರು ನೀಡಿದ ನಿಧಿ ಮತ್ತು ಸ್ವಂತ ಹಣ ಇದ್ದವು. ಅಂಗಿ, ಟವೆಲ್, ಸೋಪು, ನೆಲ ತಿಕ್ಕುವ ಬ್ರಷ್‌ಗಳನ್ನು ಅವರು ಪೇಟೆಯಿಂದ ಕೊಂಡು ತರಿಸಿದರು. ಬಟ್ಟೆ ಒಗೆಯಲು ಮನೆಯೊಂದನ್ನು ಗೊತ್ತುಮಾಡಿ, ಸೈನಿಕರ ಪತ್ನಿಯರನ್ನು ಆ ಕೆಲಸಕ್ಕೆ ನೇಮಿಸಿದರು. ಸುಮಾರು 800 ಗಾಯಾಳುಗಳು ಬರುವರೆಂದು ತಿಳಿದಾಗ, ಹಾಳುಬಿದ್ದಿದ್ದ ವಾರ್ಡುಗಳನ್ನು ಕೂಲಿಗಳಿಂದ ದುರಸ್ತಿ ಮಾಡಿಸಿ ಹಣ ಪಾವತಿಸಿದರು. ಸರ್ಕಾರ ಆ ವೆಚ್ಚವನ್ನು ನಂತರ ಮರುಪಾವತಿ ಮಾಡಿತು.

ಇಷ್ಟು ಅನುಕೂಲ ಕೈಯಲ್ಲಿದ್ದರೂ ಅವರು ಒಂದು ನಿಯಮವನ್ನು ಪಾಲಿಸಿದರು. ವೈದ್ಯಾಧಿಕಾರಿಯ ಸಹಿಯುಳ್ಳ ಇಂಡೆಂಟ್ ಇಲ್ಲದೆ ರೋಗಿಗಳಿಗೆ ಸಾಮಗ್ರಿ ವಿತರಿಸುತ್ತಿರಲಿಲ್ಲ. ಅವರು ಆರಂಭಿಸಿದ ವಿಶೇಷ ಅಡುಗೆಮನೆಯಲ್ಲಿ ಗಂಜಿ, ಸಾರು ಮುಂತಾದ ಪಥ್ಯಾಹಾರ ಸಿದ್ಧವಾಗುತ್ತಿತ್ತು. ಅದನ್ನೂ ವೈದ್ಯರು ಬರೆದುಕೊಟ್ಟ ರೋಗಿಗೆ ಮಾತ್ರ ನೀಡಲಾಗುತ್ತಿತ್ತು. ಕರುಣೆಯಿಂದ ತಾವಾಗಿ ಆಹಾರ ಕೊಡಲು ಹೊರಟ ಶುಶ್ರೂಷಕಿಯರನ್ನು ಅವರು ತಡೆದರು. ಯಾವ ರೋಗಿಗೆ ಯಾವ ಆಹಾರ ಎಂಬುದು ಚಿಕಿತ್ಸೆಯ ಭಾಗ. ಅದು ವೈದ್ಯರ ಕ್ಷೇತ್ರ. ಬರೆದುದು ಬಿಸಿಯಾಗಿ, ಶುಚಿಯಾಗಿ, ಸಕಾಲಕ್ಕೆ ರೋಗಿಯ ಬಾಯಿಗೆ ತಲುಪುವುದು ಶುಶ್ರೂಷೆ. ಅದು ತಮ್ಮ ಕ್ಷೇತ್ರ ಎಂಬುದು ಅವರ ಸ್ಪಷ್ಟ ನಿಲುವಾಗಿತ್ತು. ತಾವು ಬರೆದುದು ನಿಜವಾಗಿಯೂ ರೋಗಿಗೆ ದೊರೆಯುವುದನ್ನು ಕಂಡ ವೈದ್ಯರು ಕ್ರಮೇಣ ಅವರನ್ನು ಅವಲಂಬಿಸತೊಡಗಿದರು.

ರಾತ್ರಿ 8 ಗಂಟೆಯ ನಂತರ ಇತರ ಶುಶ್ರೂಷಕಿಯರು ವಾರ್ಡುಗಳಲ್ಲಿ ಇರುವಂತಿರಲಿಲ್ಲ. ನೈಟಿಂಗೇಲ್ ಅವರೇ ಲಾಂದ್ರ ಹಿಡಿದು ಉದ್ದನೆಯ ಮೊಗಸಾಲೆಗಳಲ್ಲಿ ಸುತ್ತು ಹೋಗುತ್ತಿದ್ದರು. ಅವರ ದೀಪಧಾರಿಣಿಯ ಚಿತ್ರ ಪ್ರಸಿದ್ಧವಾದುದು ಈ ರಾತ್ರಿಯ ಸುತ್ತುಗಳಿಂದ.

ಅಧಿಕಾರದ ವಿವಾದ

ಎಲ್ಲ ವೈದ್ಯರೊಂದಿಗೂ ಸೌಹಾರ್ದ ಬೆಳೆಯಲಿಲ್ಲ. ಯುದ್ಧಭೂಮಿಯ ಬ್ರಿಟಿಷ್ ಸೈನ್ಯದ ಪ್ರಧಾನ ವೈದ್ಯಾಧಿಕಾರಿ ಡಾ. ಜಾನ್ ಹಾಲ್ ಅವರೊಂದಿಗಿನ ವಿರಸ ಯುದ್ಧ ಮುಗಿಯುವವರೆಗೂ ಉಳಿಯಿತು. ನೈಟಿಂಗೇಲ್ ಅವರು ಬರುವ ಮುಂಚೆಯೇ ಸ್ಕುಟಾರಿಯನ್ನು ತಪಾಸಣೆ ಮಾಡಿದ್ದ ಹಾಲ್ ಅವರು ವ್ಯವಸ್ಥೆ ತೃಪ್ತಿಕರವೆಂದು ವರದಿ ನೀಡಿದ್ದರು. ಅನಂತರ ಅಲ್ಲಿನ ಕೊರತೆಗಳು ಬಯಲಾದುದು ಅವರಿಗೆ ಮುಜುಗರ ತಂದಿತು.

1855ರ ಮೇ ತಿಂಗಳಲ್ಲಿ ನೈಟಿಂಗೇಲ್ ಅವರು ಕ್ರಿಮಿಯಾದ ಬಾಲಕ್ಲಾವಾ ಆಸ್ಪತ್ರೆಗಳ ಪರಿಶೀಲನೆಗೆ ತೆರಳಿದರು. ಅಲ್ಲಿ ತೀವ್ರ ಜ್ವರಕ್ಕೆ ತುತ್ತಾಗಿ ಸಾವಿನ ಅಂಚಿಗೆ ಹೋಗಿ ಬದುಕಿದರು. ಅವರ ನೇಮಕಾತಿ ಆದೇಶದಲ್ಲಿ ತುರ್ಕಿಯಲ್ಲಿರುವ ಆಸ್ಪತ್ರೆಗಳು ಎಂದಷ್ಟೇ ಇತ್ತು. ಕ್ರಿಮಿಯಾ ರಷ್ಯಾದ ನೆಲವಾದುದರಿಂದ ಅವರಿಗೆ ಅಲ್ಲಿ ಅಧಿಕಾರವಿಲ್ಲವೆಂದು ಹಾಲ್ ಅವರು ವಾದಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಐರಿಷ್ ಸನ್ಯಾಸಿನಿಯರ ತಂಡವೊಂದನ್ನು ನೈಟಿಂಗೇಲ್ ಅವರ ಒಪ್ಪಿಗೆ ಇಲ್ಲದೆ ಬಾಲಕ್ಲಾವಾ ಆಸ್ಪತ್ರೆಗೆ ನಿಯೋಜಿಸಲಾಯಿತು.

ಈ ವಿವಾದದಲ್ಲಿ ತಪ್ಪು ಒಂದೇ ಕಡೆಯದಾಗಿರಲಿಲ್ಲ. ಇಡೀ ಸೈನ್ಯದ ಆರೋಗ್ಯಕ್ಕೆ ಹೊಣೆಗಾರರಾಗಿದ್ದ ಹಾಲ್ ಅವರಿಗೆ ತಮ್ಮ ಅಧೀನದ ಆಸ್ಪತ್ರೆಗಳಲ್ಲಿ ಇನ್ನೊಂದು ಅಧಿಕಾರ ಕೇಂದ್ರ ಬೆಳೆಯುವುದು ಆತಂಕದ ವಿಷಯವಾಗಿತ್ತು. ನೈಟಿಂಗೇಲ್ ಅವರು ಅಧಿಕೃತ ಮಾರ್ಗವನ್ನು ಬಿಟ್ಟು ಮಂತ್ರಿಗಳಿಗೆ ಖಾಸಗಿ ಪತ್ರಗಳ ಮೂಲಕ ದೂರು ನೀಡುತ್ತಿದ್ದರು. ಅವುಗಳಲ್ಲಿ ಹಾಲ್ ಅವರ ಬಗ್ಗೆ ಬಳಸಿದ ಭಾಷೆ ಕಟುವಾಗಿತ್ತು. ಐರಿಷ್ ಸನ್ಯಾಸಿನಿಯರ ಸೇವೆಯ ಬಗ್ಗೆಯೂ ಅವರು ಉದಾರವಾಗಿ ನಡೆದುಕೊಳ್ಳಲಿಲ್ಲ.

1856ರ ಮಾರ್ಚ್‌ನಲ್ಲಿ ಸೈನ್ಯದ ಸಾಮಾನ್ಯ ಆದೇಶದ ಮೂಲಕ ವಿವಾದ ಇತ್ಯರ್ಥವಾಯಿತು. ನೈಟಿಂಗೇಲ್ ಅವರನ್ನು ಸೈನ್ಯದ ಎಲ್ಲ ಆಸ್ಪತ್ರೆಗಳ ಮಹಿಳಾ ಶುಶ್ರೂಷಾ ವ್ಯವಸ್ಥೆಯ ಪ್ರಧಾನ ಮೇಲ್ವಿಚಾರಕಿಯೆಂದು ಘೋಷಿಸಲಾಯಿತು. ಪ್ರಧಾನ ವೈದ್ಯಾಧಿಕಾರಿಯು ಶುಶ್ರೂಷಕಿಯರಿಗೆ ಸಂಬಂಧಿಸಿದ ನಿರ್ದೇಶನಗಳನ್ನು ಅವರ ಮೂಲಕವೇ ನೀಡತಕ್ಕದ್ದೆಂದು ಸೂಚಿಸಲಾಯಿತು. ಆ ವೇಳೆಗೆ ಯುದ್ಧ ಮುಗಿಯುತ್ತಾ ಬಂದಿತ್ತು. ಈ ಮನಸ್ತಾಪಕ್ಕೆ ಮೂಲ ಕಾರಣ ಆರಂಭದ ಆದೇಶದಲ್ಲಿದ್ದ ಅಸ್ಪಷ್ಟತೆ ಎಂಬುದು ಆಡಳಿತದಲ್ಲಿರುವವರೆಲ್ಲರೂ ಗಮನಿಸಬೇಕಾದ ಅಂಶ.

ಅಂಕಿ-ಅಂಶಗಳು ತಿಳಿಸಿದ ಸತ್ಯ

1855ರ ಫೆಬ್ರವರಿಯಲ್ಲಿ ಸ್ಕುಟಾರಿಯಲ್ಲಿ ಚಿಕಿತ್ಸೆ ಪಡೆದ ಪ್ರತಿ 100 ಮಂದಿಯಲ್ಲಿ ಸುಮಾರು 42 ಮಂದಿ ಮರಣ ಹೊಂದಿದ್ದರು. ಜೂನ್ ವೇಳೆಗೆ ಈ ಪ್ರಮಾಣ ಸುಮಾರು 2ಕ್ಕೆ ಇಳಿಯಿತು. ಇದರ ಸಂಪೂರ್ಣ ಶ್ರೇಯಸ್ಸನ್ನು ಜನಪ್ರಿಯ ಕಥೆಗಳು ನೈಟಿಂಗೇಲ್ ಅವರಿಗೇ ನೀಡುತ್ತವೆ. ವಾಸ್ತವ ಹಾಗಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಡಾ. ಜಾನ್ ಸದರ್‌ಲ್ಯಾಂಡ್, ಡಾ. ಹೆಕ್ಟರ್ ಗ್ಯಾವಿನ್ ಮತ್ತು ಎಂಜಿನಿಯರ್ ರಾಬರ್ಟ್ ರಾಲಿನ್ಸನ್ ಅವರನ್ನೊಳಗೊಂಡ ನೈರ್ಮಲ್ಯ ಆಯೋಗ ಅಲ್ಲಿಗೆ ಬಂದಿತು. ಆಸ್ಪತ್ರೆಯ ಕಟ್ಟಡದ ಕೆಳಗೆ ಕೊಳೆತು ನಿಂತಿದ್ದ ಚರಂಡಿಗಳನ್ನು ಆಯೋಗ ತೆರವುಗೊಳಿಸಿತು. 500ಕ್ಕೂ ಹೆಚ್ಚು ಕೈಗಾಡಿ ಕಸವನ್ನು ಹೊರಸಾಗಿಸಿ, ನೀರಿನ ಮೂಲವನ್ನು ಶುಚಿಗೊಳಿಸಿ, ಗಾಳಿ ಬರುವ ಏರ್ಪಾಡು ಮಾಡಿತು. ಮರಣ ಪ್ರಮಾಣ ಗಣನೀಯವಾಗಿ ಇಳಿದುದು ಇದರ ನಂತರವೇ.

1856ರ ಆಗಸ್ಟ್‌ನಲ್ಲಿ ಸ್ವದೇಶಕ್ಕೆ ಮರಳಿದ ನೈಟಿಂಗೇಲ್ ಅವರು ಸನ್ಮಾನಗಳಿಂದ ದೂರ ಉಳಿದು ಲೆಕ್ಕಪತ್ರಗಳ ಮುಂದೆ ಕುಳಿತರು. ಸಂಖ್ಯಾಶಾಸ್ತ್ರಜ್ಞರೂ ವೈದ್ಯರೂ ಆಗಿದ್ದ ವಿಲಿಯಂ ಫಾರ್ ಅವರ ನೆರವಿನಿಂದ ಸೈನಿಕರ ಮರಣಗಳನ್ನು ವಿಶ್ಲೇಷಿಸಿದರು. ಗಾಯಗಳಿಗಿಂತ ತಡೆಗಟ್ಟಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚು ಎಂಬುದು ಸ್ಪಷ್ಟವಾಯಿತು. ಆಹಾರ ಹಾಗೂ ಸಾಮಗ್ರಿಗಳ ಕೊರತೆಯೇ ಮುಖ್ಯ ಕಾರಣವೆಂದು ತಾವು ಮೊದಲು ಭಾವಿಸಿದ್ದುದು ಸಾಲದೆಂದೂ, ತಾವು ಕೆಲಸ ಮಾಡಿದ ಆಸ್ಪತ್ರೆಯ ಅನೈರ್ಮಲ್ಯವೇ ಅನೇಕರ ಪ್ರಾಣ ತೆಗೆಯಿತೆಂದೂ ಅವರು ಕಂಡುಕೊಂಡರು. ತಮ್ಮ ಕೀರ್ತಿಗೆ ಕುಂದು ತರಬಹುದಾದ ಈ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ. ಸೈನ್ಯವನ್ನು ಉಳಿಸಿದ್ದು ಸದರ್‌ಲ್ಯಾಂಡ್ ಅವರ ಆಯೋಗ ಎಂದು ಒಪ್ಪಿಕೊಂಡರು. ವರ್ತುಲಾಕಾರದ ಚಿತ್ರಗಳ ಮೂಲಕ ತಿಂಗಳುವಾರು ಮರಣಗಳನ್ನು ತೋರಿಸಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಪ್ರಥಮ ಮಹಿಳಾ ಸದಸ್ಯರಾಗಿ ಆಯ್ಕೆಯಾದರು.

ಅನಾರೋಗ್ಯದಿಂದಾಗಿ 1857ರ ನಂತರ ಅವರು ಬಹುಪಾಲು ಮನೆಯಲ್ಲಿಯೇ ಉಳಿದು ಕೆಲಸ ಮಾಡಿದರು. ಡಾ. ಸದರ್‌ಲ್ಯಾಂಡ್ ಅವರು ಹಲವು ದಶಕಗಳ ಕಾಲ ಅವರ ಬಳಿಗೆ ಬಂದು ವರದಿಗಳನ್ನು ಸಿದ್ಧಪಡಿಸಲು ನೆರವಾದರು. ಇಬ್ಬರ ನಡುವೆ ವಾಗ್ವಾದಗಳು ಸಾಮಾನ್ಯವಾಗಿದ್ದರೂ ಕೆಲಸ ನಿಲ್ಲಲಿಲ್ಲ.

ತರಬೇತಿ ಶಾಲೆಯ ಸ್ಥಾಪನೆ

ಯುದ್ಧಕಾಲದ ಸೇವೆಯ ಸ್ಮರಣಾರ್ಥ ಸಾರ್ವಜನಿಕರು ಸುಮಾರು 45,000 ಪೌಂಡ್ ನಿಧಿ ಸಂಗ್ರಹಿಸಿದ್ದರು. ಈ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಕಿಯರ ತರಬೇತಿ ಶಾಲೆಯನ್ನು ತೆರೆಯಲಾಯಿತು. ಅದೇ ಆಸ್ಪತ್ರೆಯ ಹಿರಿಯ ಶಸ್ತ್ರಚಿಕಿತ್ಸಕ ಜಾನ್ ಫ್ಲಿಂಟ್ ಸೌತ್ ಅವರು ಇದನ್ನು ವಿರೋಧಿಸಿದ್ದರು. ಶುಶ್ರೂಷಕಿಯರ ಕೆಲಸ ಮನೆಗೆಲಸಕ್ಕೆ ಸಮಾನವಾಗಿದ್ದು, ಅದಕ್ಕೆ ವಿಶೇಷ ಶಿಕ್ಷಣ ಅನಗತ್ಯ ಎಂಬುದು ಅವರ ಪ್ರಕಟಿತ ಅಭಿಪ್ರಾಯವಾಗಿತ್ತು. ಆಸ್ಪತ್ರೆಯ ಮೇಟ್ರನ್ ಶ್ರೀಮತಿ ವಾರ್ಡ್ರೋಪರ್ ಮತ್ತು ನಿವಾಸಿ ವೈದ್ಯಾಧಿಕಾರಿ ವಿಟ್‌ಫೀಲ್ಡ್ ಅವರು ಶಾಲೆಯ ಪರವಾಗಿ ನಿಂತರು.

ಮೊದಲ ತಂಡಕ್ಕೆ 15 ಅಭ್ಯರ್ಥಿಗಳನ್ನು ಆಯ್ಕೆ ಮಾಡಲಾಯಿತು. ತರಬೇತಿಯ ಅವಧಿ ಒಂದು ವರ್ಷ. ವಾಸ, ಊಟ, ಸಮವಸ್ತ್ರ ಮತ್ತು ಅಲ್ಪ ಭತ್ಯೆ ನೀಡಲಾಗುತ್ತಿತ್ತು. ವೈದ್ಯರು ಉಪನ್ಯಾಸ ನೀಡುತ್ತಿದ್ದರು. ಪ್ರತಿ ಅಭ್ಯರ್ಥಿಯ ಸಮಯಪಾಲನೆ, ಶುಚಿತ್ವ, ರೋಗಿಗಳ ಆರೈಕೆ ಮುಂತಾದ ಅಂಶಗಳನ್ನು ನಿಗದಿತ ನಮೂನೆಯಲ್ಲಿ ದಾಖಲಿಸಲಾಗುತ್ತಿತ್ತು.

ಈ ಶಾಲೆಯ ಹಾಗೂ ನೈಟಿಂಗೇಲ್ ಅವರ ಬರಹಗಳ ಮೂಲಕ ಹರಡಿದ ತತ್ತ್ವಗಳನ್ನು ಹೀಗೆ ಸಂಗ್ರಹಿಸಬಹುದು:

1. ಚಿಕಿತ್ಸೆಯ ಆದೇಶ ವೈದ್ಯರದು. ಅದನ್ನು ಬದಲಿಸುವ ಅಧಿಕಾರ ಶುಶ್ರೂಷಕಿಗೆ ಇಲ್ಲ.

2. ಶುಶ್ರೂಷಕಿಯರ ಆಯ್ಕೆ, ಶಿಸ್ತು ಮತ್ತು ವಜಾ ಮಾಡುವ ಅಧಿಕಾರ ಮೇಟ್ರನ್ ಅವರದು. ಒಂದು ವೃತ್ತಿಯವರ ಒಳಾಡಳಿತವನ್ನು ಅದೇ ವೃತ್ತಿಯ ಹಿರಿಯರು ನಡೆಸತಕ್ಕದ್ದು.

3. ರೋಗಿಯನ್ನು ಎಡೆಬಿಡದೆ ಗಮನಿಸುವುದು ಶುಶ್ರೂಷಕಿಯ ಕರ್ತವ್ಯ. ಕಂಡದ್ದನ್ನು ಕಂಡಂತೆ ವೈದ್ಯರಿಗೆ ತಿಳಿಸತಕ್ಕದ್ದು, ಊಹೆಯನ್ನಲ್ಲ.

4. ಶುದ್ಧ ಗಾಳಿ, ಬೆಳಕು, ಶುಚಿತ್ವ, ನಿಶ್ಶಬ್ದ ಮತ್ತು ಸರಿಯಾದ ಆಹಾರಗಳ ಬಗ್ಗೆ ಶುಶ್ರೂಷಕಿಗೆ ತನ್ನದೇ ಆದ ಜ್ಞಾನ ಇರತಕ್ಕದ್ದು.

ಇವುಗಳಲ್ಲಿ ಮೂರನೆಯ ಅಂಶ ಅತ್ಯಂತ ಮಹತ್ವದ್ದು. ವೈದ್ಯರು ರೋಗಿಯ ಬಳಿ ದಿನಕ್ಕೆ ಕೆಲವು ನಿಮಿಷ ಇರುತ್ತಾರೆ. ಶುಶ್ರೂಷಕಿ ಗಂಟೆಗಟ್ಟಲೆ ಇರುತ್ತಾರೆ. ನಿಖರವಾದ ಮಾಹಿತಿ ನೀಡುವ ಶುಶ್ರೂಷಕಿಯನ್ನು ವೈದ್ಯರು ಕಡೆಗಣಿಸುವಂತಿಲ್ಲ.

ಶಾಲೆಯಲ್ಲಿ ಲೋಪಗಳೂ ಇದ್ದವು. 1870ರ ದಶಕದ ಆರಂಭದಲ್ಲಿ ನೈಟಿಂಗೇಲ್ ಅವರು ಪರಿಶೀಲಿಸಿದಾಗ ವಿಟ್‌ಫೀಲ್ಡ್ ಅವರ ಬೋಧನೆ ಸಮರ್ಪಕವಾಗಿ ನಡೆಯುತ್ತಿಲ್ಲವೆಂದು ತಿಳಿದುಬಂದಿತು. ಅವರ ಸ್ಥಾನಕ್ಕೆ ಶಸ್ತ್ರಚಿಕಿತ್ಸಕ ಜಾನ್ ಕ್ರಾಫ್ಟ್ ಅವರನ್ನು ನೇಮಿಸಿ ಕ್ರಮಬದ್ಧ ಪಾಠಗಳನ್ನು ಏರ್ಪಡಿಸಲಾಯಿತು.

ಹೊಸ ವ್ಯವಸ್ಥೆಗೆ ಎದುರಾದ ಪರೀಕ್ಷೆಗಳು

ಮೇಟ್ರನ್ ಅವರ ಅಧಿಕಾರವು ಎಲ್ಲೆಡೆ ಸುಲಭವಾಗಿ ಸ್ವೀಕೃತವಾಗಲಿಲ್ಲ. 1879-80ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಗೆ ಬಂದ ಹೊಸ ಮೇಟ್ರನ್ ಒಬ್ಬರು ಶುಶ್ರೂಷಕಿಯರನ್ನು ವಾರ್ಡಿನಿಂದ ವಾರ್ಡಿಗೆ ಸರದಿಯಂತೆ ಬದಲಿಸುವ ಪದ್ಧತಿಯನ್ನು ಜಾರಿಗೆ ತಂದರು. ಈ ಬಗ್ಗೆ ವೈದ್ಯರೊಂದಿಗೆ ಸಮಾಲೋಚಿಸಿರಲಿಲ್ಲ. ತಮಗೆ ಪರಿಚಿತರಾದ ನುರಿತ ಶುಶ್ರೂಷಕಿಯರನ್ನು ಕಳೆದುಕೊಂಡ ವೈದ್ಯರು ಪ್ರತಿಭಟಿಸಿದರು. ಆಡಳಿತ ಮಂಡಳಿ ಮೇಟ್ರನ್ ಅವರ ಪಕ್ಷ ವಹಿಸಿತು. ಅನೇಕ ಶುಶ್ರೂಷಕಿಯರು ಕೆಲಸ ಬಿಟ್ಟರು; ಇಬ್ಬರು ಹಿರಿಯ ವೈದ್ಯರು ಹುದ್ದೆ ತೊರೆದರು. ಪ್ರತ್ಯೇಕ ಅಧಿಕಾರವೆಂದರೆ ಪರಸ್ಪರ ವಿಚಾರಿಸದೆ ನಡೆಯುವುದಲ್ಲ ಎಂಬುದನ್ನು ಈ ಪ್ರಕರಣ ತೋರಿಸಿತು.

ಶುಶ್ರೂಷಕಿಯರ ನೋಂದಣಿಯ ವಿಷಯದಲ್ಲಿ ನೈಟಿಂಗೇಲ್ ಅವರ ನಿಲುವು ಇಂದಿನವರಿಗೆ ಅಚ್ಚರಿ ತರಬಹುದು. ವೈದ್ಯರಂತೆಯೇ ಶುಶ್ರೂಷಕಿಯರಿಗೂ ಪರೀಕ್ಷೆ ಮತ್ತು ನೋಂದಣಿ ಇರಬೇಕೆಂದು 1887ರಿಂದ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಅವರು ಚಳವಳಿ ನಡೆಸಿದರು. ಲಿಖಿತ ಪರೀಕ್ಷೆಯಿಂದ ಶುಶ್ರೂಷಕಿಯ ಗುಣ, ನಡತೆಗಳನ್ನು ಅಳೆಯಲಾಗದೆಂದು ನೈಟಿಂಗೇಲ್ ಅವರು ವಿರೋಧಿಸಿದರು. ಕೊನೆಗೆ ಗೆದ್ದದ್ದು ನೋಂದಣಿಯ ಪಕ್ಷ. 1919ರಲ್ಲಿ ಬ್ರಿಟನ್ನಿನಲ್ಲಿ ಈ ಬಗ್ಗೆ ಕಾಯಿದೆ ಜಾರಿಯಾಯಿತು. ಭಾರತದಲ್ಲಿ 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯಿದೆಯು ಶುಶ್ರೂಷಾ ಶಿಕ್ಷಣಕ್ಕೆ ಏಕರೂಪದ ಮಟ್ಟವನ್ನು ನಿಗದಿಪಡಿಸಲು ಅವಕಾಶ ಕಲ್ಪಿಸಿತು.

ಭಾರತದೊಂದಿಗಿನ ಸಂಬಂಧ

ನೈಟಿಂಗೇಲ್ ಅವರು ಭಾರತಕ್ಕೆ ಎಂದೂ ಬರಲಿಲ್ಲ. ಆದರೂ ಸುಮಾರು 40 ವರ್ಷಗಳ ಕಾಲ ಭಾರತದ ಆರೋಗ್ಯ ವಿಷಯಗಳಲ್ಲಿ ದುಡಿದರು. 1859ರಲ್ಲಿ ನೇಮಕವಾದ ರಾಯಲ್ ಆಯೋಗಕ್ಕಾಗಿ ಪ್ರಶ್ನಾವಳಿ ರೂಪಿಸಿ ಭಾರತದ ಸೈನಿಕ ನೆಲೆಗಳಿಂದ ಮಾಹಿತಿ ಪಡೆಯಲು ನೆರವಾದರು. ಹೀಗೆ ಮಾಹಿತಿ ಪಡೆದ ನೆಲೆಗಳಲ್ಲಿ ಬೆಂಗಳೂರು ದಂಡು ಪ್ರದೇಶವೂ ಒಂದು. 1863ರ ಆಯೋಗದ ವರದಿಯ ಪ್ರಕಾರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಪ್ರತಿ 1,000ಕ್ಕೆ 69 ಮಂದಿ ಸಾಯುತ್ತಿದ್ದರು. ಕುಡಿಯುವ ನೀರು, ಚರಂಡಿ ಮತ್ತು ವಸತಿಗಳ ಸುಧಾರಣೆಗೆ ಆಯೋಗ ಶಿಫಾರಸು ಮಾಡಿತು.

1865ರಲ್ಲಿ ಅವರು ಭಾರತದ ಆಸ್ಪತ್ರೆಗಳಿಗೆ ಶುಶ್ರೂಷಾ ವ್ಯವಸ್ಥೆಯ ಸಲಹೆಗಳನ್ನು ಸಿದ್ಧಪಡಿಸಿದರು. ಅವು ಕೂಡಲೇ ಕಾರ್ಯಗತವಾಗಲಿಲ್ಲ. 1888ರಲ್ಲಿ ಭಾರತದ ಸೈನಿಕ ಆಸ್ಪತ್ರೆಗಳಿಗೆ ತರಬೇತಿ ಪಡೆದ ಶುಶ್ರೂಷಕಿಯರ ಮೊದಲ ತಂಡ ಬಂದಿತು. ಮದ್ರಾಸು, ಬೊಂಬಾಯಿ ಪ್ರಾಂತ್ಯಗಳನ್ನೂ ಮೈಸೂರು ಸಂಸ್ಥಾನವನ್ನೂ ಕಾಡಿದ 1876-78ರ ಭೀಕರ ಕ್ಷಾಮದ ನಂತರ ಅವರು ನೀರಾವರಿ ಹಾಗೂ ರೈತರ ಸಂಕಷ್ಟಗಳ ಬಗ್ಗೆಯೂ ಬರೆದರು.

ಕೊನೆಯ ದಿನಗಳು ಮತ್ತು ಸ್ಮರಣೆ

1907ರಲ್ಲಿ ಅವರಿಗೆ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ದೊರೆಯಿತು. ಈ ಗೌರವ ಪಡೆದ ಪ್ರಥಮ ಮಹಿಳೆ ಅವರು. ಆ ವೇಳೆಗೆ ದೃಷ್ಟಿ ನಷ್ಟವಾಗಿತ್ತು, ನೆನಪೂ ಕುಂದಿತ್ತು. 1910ರ ಆಗಸ್ಟ್ 13ರಂದು ತಮ್ಮ 90ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಕುಟುಂಬದವರು ನಿರಾಕರಿಸಿ, ಹ್ಯಾಂಪ್‌ಶೈರಿನ ಈಸ್ಟ್ ವೆಲೋ ಗ್ರಾಮದ ಚರ್ಚಿನ ಆವರಣದಲ್ಲಿ ಸರಳವಾಗಿ ಅಂತ್ಯಕ್ರಿಯೆ ನಡೆಸಿದರು. ಅವರ ಜನ್ಮದಿನವಾದ ಮೇ 12ನ್ನು ಅಂತಾರಾಷ್ಟ್ರೀಯ ಶುಶ್ರೂಷಕಿಯರ ದಿನವಾಗಿ ಆಚರಿಸಲಾಗುತ್ತಿದೆ. ಭಾರತ ಸರ್ಕಾರವು 1973ರಲ್ಲಿ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿದೆ.

ಪ್ರಮುಖ ಘಟನೆಗಳ ಪಟ್ಟಿ

1820 – ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನನ
1851 – ಕೈಸರ್ಸ್‌ವರ್ತ್‌ನಲ್ಲಿ ತರಬೇತಿ
1853 – ಲಂಡನ್ನಿನಲ್ಲಿ ಆಸ್ಪತ್ರೆ ಮೇಲ್ವಿಚಾರಕಿ
1854 – ಸ್ಕುಟಾರಿಗೆ ಆಗಮನ
1856 – ಅಧಿಕಾರ ವ್ಯಾಪ್ತಿಯನ್ನು ಸ್ಪಷ್ಟಪಡಿಸುವ ಸಾಮಾನ್ಯ ಆದೇಶ
1858 – ಸಂಖ್ಯಾಶಾಸ್ತ್ರ ಸಂಘದ ಸದಸ್ಯತ್ವ
1860 – ತರಬೇತಿ ಶಾಲೆ ಆರಂಭ
1863 – ಭಾರತದ ಸೈನ್ಯದ ನೈರ್ಮಲ್ಯ ಕುರಿತ ಆಯೋಗದ ವರದಿ
1907 – ಆರ್ಡರ್ ಆಫ್ ಮೆರಿಟ್
1910 – ನಿಧನ

ಸಾರ್ವಜನಿಕರ ಗಮನಕ್ಕೆ

ವೈದ್ಯರು ಮತ್ತು ಶುಶ್ರೂಷಕಿಯರು ಪರಸ್ಪರ ಗೌರವದಿಂದ ಕೆಲಸ ಮಾಡುವುದರ ಪ್ರಯೋಜನ ಅಂತಿಮವಾಗಿ ರೋಗಿಗೆ ಸಲ್ಲುತ್ತದೆ. ಈ ಗೌರವವನ್ನು ಕಾಪಾಡುವಲ್ಲಿ ಸಾರ್ವಜನಿಕರ ಪಾತ್ರವೂ ಇದೆ. ರೋಗಿಯ ಸ್ಥಿತಿಯಲ್ಲಿ ಬದಲಾವಣೆ ಕಂಡುಬಂದಲ್ಲಿ ಮೊದಲು ಕರ್ತವ್ಯದಲ್ಲಿರುವ ಶುಶ್ರೂಷಕಿಯ ಗಮನಕ್ಕೆ ತರುವುದು ಸೂಕ್ತ. ವೈದ್ಯರು ಬರೆಯದ ಔಷಧ ಅಥವಾ ಆಹಾರವನ್ನು ನೀಡುವಂತೆ ಶುಶ್ರೂಷಕಿಯರನ್ನು ಒತ್ತಾಯಿಸಬಾರದು. ವೈದ್ಯರೊಂದಿಗೆ ಮಾತನಾಡುವಾಗ ತೋರುವ ಸೌಜನ್ಯವನ್ನೇ ಶುಶ್ರೂಷಕಿಯರೊಂದಿಗೂ ತೋರುವುದು ಉಚಿತ. ಸ್ಕುಟಾರಿಯಲ್ಲಿ ಸಹಿಯುಳ್ಳ ಇಂಡೆಂಟ್‌ಗಾಗಿ ಕಾದ ಮಹಿಳೆಯು ತೋರಿಸಿಕೊಟ್ಟ ಕ್ರಮವೇ ಇಂದು ಪ್ರತಿ ರೋಗಿಯ ಕೇಸ್ ಶೀಟ್‌ನಲ್ಲಿ ಎರಡು ಸಹಿಗಳ ರೂಪದಲ್ಲಿ ಮುಂದುವರಿದಿದೆ.